ಎರಡು ವರ್ಷದ ಮಾತು

ಹೈಸ್ಕೂಲು ಮೂರು ವರ್ಷದ್ದು ಎಂಬುದು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಹೇಳಲಿಲ್ಲ.

ಐವತ್ತಾರನೇ ಇಸವಿಯ ಬೇಸಿಗೆ. ನಾನು ಮಿಡ್ಲ್ ಸ್ಕೂಲು ಪಾಸು ಮಾಡಿದ್ದೆ. ನಮ್ಮೂರು ಶಿಕಾರಿಪುರದಿಂದ ಎರಡೂವರೆ ಮೈಲಿ. ಅಪ್ಪನಿಗೆ ಕೆರೆಯ ಕೆಳಗೆ ಗದ್ದೆ. ಒಂದು ದಿನ ಈಸೂರಿನ ಆಚೆಯ ಹಳ್ಳಿಯೊಂದರಿಂದ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ಅವರ ಮಗನಿಗೆ ನನ್ನನ್ನು ಕೇಳಿದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಎರಡು ವರ್ಷ ತಡೀರಿ," ಅಂದರು ಅಪ್ಪ. "ಹುಡುಗಿಗೆ ಓದೋ ಹುಚ್ಚು ಐತೆ. ಹೈಸ್ಕೂಲೊಂದು ಮುಗಿಸ್ಲಿ, ಆಮೇಲೆ ಅಕ್ಕಿಕಾಳು ಹಾಕಾನ."

ಅವರು ಒಪ್ಪಿ, ಊಟ ಮಾಡಿ ಹೋದರು. ಅಪ್ಪ ಒಳಗೆ ಬಂದು ನನ್ನನ್ನು ಕರೆದರು. "ಎರಡು ವರ್ಷ ಅಂತ ಮಾತು ಕೊಟ್ಟೀನಿ. ಅಷ್ಟರಾಗೆ ಏನು ಓದ್ತೀಯೋ ಓದು. ಅದರ ಮ್ಯಾಲೆ ಒಂದು ದಿನ ಕೇಳಬ್ಯಾಡ."

ನಾನು ತಲೆಯಾಡಿಸಿದೆ. ನಾಲ್ಕನೇ ಫಾರಂ, ಐದನೇ ಫಾರಂ, ಆರನೇ ಫಾರಂ ಎಂದು ಮನಸ್ಸಿನಲ್ಲೇ ಎಣಿಸಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದು ಆರನೇ ಫಾರಂನ ಕೊನೆಗೆ. ಅಪ್ಪ ಕೊಟ್ಟ ಮಾತಿನ ಪ್ರಕಾರ ನನ್ನ ಓದು ಐದನೇ ಫಾರಮ್ಮಿಗೆ ನಿಲ್ಲಬೇಕು. ಐದನೇ ಫಾರಂ ಪಾಸಾದವರಿಗೆ ಯಾರೂ ಒಂದು ಕಾಗದ ಬರೆದುಕೊಡುವುದಿಲ್ಲ. ಓದಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಆಗಲೇ ಬಾಯಿಬಿಟ್ಟಿದ್ದರೆ ಆ ಎರಡು ವರ್ಷವೂ ಇಲ್ಲವಾಗುತ್ತಿತ್ತು ಎಂದು ನನಗೆ ಅನ್ನಿಸಿತ್ತು. ಅಪ್ಪ ಕೆಟ್ಟವರಲ್ಲ, ಆದರೆ ಕೊಟ್ಟ ಮಾತಿನ ಮನುಷ್ಯ.

ನಮ್ಮ ಮನೆಯ ಹಿಂದಿನ ಮನೆಯಲ್ಲಿ ನನ್ನ ಗೆಳತಿ ಇದ್ದಳು. ಒಂದನೇ ಕ್ಲಾಸಿನಿಂದ ಒಟ್ಟಿಗೇ ಕೂತವರು ನಾವು. ಅವಳು ನನಗಿಂತ ಎತ್ತರ, ನಡೆಯುವುದು ಬಿರುಸು. ನಾನು ಹಿಂದೆ ಓಡಬೇಕಾಗುತ್ತಿತ್ತು. ಭೂಪಟ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನನ್ನ ಭೂಪಟಗಳನ್ನು ಅವಳು ಬರೆಯುತ್ತಿದ್ದಳು, ಅವಳ ಲೆಕ್ಕಗಳನ್ನು ನಾನು ಮಾಡುತ್ತಿದ್ದೆ. ಅವಳಿಗೆ ತಂದೆ ಇರಲಿಲ್ಲ. ಅಣ್ಣನೇ ಮನೆಯ ಯಜಮಾನ. ಹೈಸ್ಕೂಲಿನ ಮಾತು ಬಂದಾಗ ಅವನು, "ಅವಳು ಹೋಗ್ತಾಳಂದ್ರೆ ಇವಳೂ ಹೋಗ್ಲಿ" ಅಂದ. ನಮ್ಮಪ್ಪನೂ ಅದನ್ನೇ ಅಂದಿದ್ದರು: "ಜೋಡಿ ಐತಲ್ಲ, ಹೋಗಿ ಬರ್ಲಿ." ಹೀಗೆ ನನ್ನ ನೆವದಲ್ಲಿ ಅವಳು, ಅವಳ ನೆವದಲ್ಲಿ ನಾನು, ದಿನಾ ಹುಚ್ಚರಾಯನ ಕೆರೆ ಏರಿಯ ಮೇಲೆ ನಡೆದು ಶಿಕಾರಿಪುರದ ಹೈಸ್ಕೂಲಿಗೆ ಹೋಗತೊಡಗಿದೆವು. ನಮ್ಮ ಕ್ಲಾಸಿನಲ್ಲಿ ಮೂವತ್ತು ಚಿಲ್ಲರೆ ಹುಡುಗರು, ನಾವಿಬ್ಬರೇ ಹುಡುಗಿಯರು. ನಮಗೊಂದು ಬೇರೆ ಬೆಂಚು.

ಆ ವರ್ಷದ ಕೊನೆಗೆ ನಾನು ಕ್ಲಾಸಿಗೆ ಮೊದಲು ಬಂದೆ. ಹೆಡ್‌ಮಾಸ್ತರರು ಕರೆಸಿ ಬೆನ್ನು ತಟ್ಟಿದರು. ವಯಸ್ಸಾದವರು, ಮಾತು ನಿಧಾನ. ಅವರ ಕೋಣೆಯಲ್ಲಿ ಬೇರೆ ಯಾರೂ ಇಲ್ಲದ್ದು ಕಂಡು, ತಿಂಗಳುಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೇಳಿಬಿಟ್ಟೆ.

"ಸಾರ್, ಐದನೇ ಫಾರಂನಾಗೆ ಕೂರದೇನೆ ಆರನೇ ಫಾರಮ್ಮಿಗೆ ಹೋಗೋಕಾಗುತ್ತಾ?"

ಅವರು ಕನ್ನಡಕ ತೆಗೆದರು. "ಯಾಕಮ್ಮ, ಅಷ್ಟು ಅವಸರ ಏನು?"

ಎಲ್ಲವನ್ನೂ ಹೇಳಿದೆ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಮೂರು ವರ್ಷ ಬೇಕು ಅಂತ ನಿಮ್ಮ ತಂದೆಗೆ ನಾನೇ ಹೇಳಲೇನು?" ಎಂದು ಕೇಳಿದರು.

"ಬ್ಯಾಡ ಸಾರ್. ಹೇಳಿದ್ರೆ ನಾಳೆಯಿಂದಲೇ ಬಿಡಿಸ್ತಾರೆ."

"ಮಿಡ್ಲ್ ಸ್ಕೂಲಲ್ಲಿ ಡಬಲ್ ಪ್ರಮೋಷನ್ ಕೊಟ್ಟದ್ದಿದೆ. ಹೈಸ್ಕೂಲಲ್ಲಿ ನಾನು ಯಾರಿಗೂ ಕೊಟ್ಟಿಲ್ಲ," ಅಂದರು. "ಮೇಲಿನವರಿಗೆ ಬರೆದು ಕೇಳ್ತೀನಿ. ಅವರು ಕೇಳೋದು ಇಷ್ಟೇ, ಹುಡುಗಿ ಐದನೇ ಫಾರಂನ ಪಾಠ ಪೂರ್ತಿ ಕಲಿತಿದ್ದಾಳಾ ಅಂತ. ಸ್ಕೂಲು ತೆರೆಯೋ ಮುಂಚೆ ಎಲ್ಲಾ ವಿಷಯದಲ್ಲೂ ಪರೀಕ್ಷೆ ಇಡ್ತೀನಿ. ಒಂದೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಬರಬೇಕು. ಒಂದರಲ್ಲಿ ಬಿದ್ದರೂ ನಾನು ಶಿಫಾರಸು ಮಾಡಲ್ಲ. ಎರಡು ತಿಂಗಳಲ್ಲಿ ಒಂದು ವರ್ಷದ್ದು ಆಗ್ತದಾ?"

ಆಗ್ತದೆ ಅಂದೆ. ಆಗುತ್ತದೋ ಇಲ್ಲವೋ ನನಗೇನು ಗೊತ್ತು.

ಪುಸ್ತಕಗಳನ್ನು ಅವರೇ ಸ್ಕೂಲಿನ ಕಪಾಟಿನಿಂದ ತೆಗೆಸಿಕೊಟ್ಟರು. ನನ್ನ ಅತ್ತೆ, ಎಂದರೆ ಅಪ್ಪನ ತಂಗಿ, ಸೊರಬದಲ್ಲಿದ್ದಾರೆ ಎಂದು ತಿಳಿದು, ಅಲ್ಲಿರುವ ತಮ್ಮ ಹಳೆಯ ಸ್ನೇಹಿತರಾದ ಒಬ್ಬ ನಿವೃತ್ತ ಗಣಿತದ ಮೇಷ್ಟ್ರಿಗೆ ಒಂದು ಚೀಟಿ ಬರೆದುಕೊಟ್ಟರು. ಮನೆಯಲ್ಲಿ ನಾನು, ಅತ್ತೆಯ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತೇನೆ ಅಂದೆ. ಮದುವೆಯಾಗುವ ಹುಡುಗಿಗೆ ಹೊಲಿಗೆ ಬಂದರೆ ಒಳ್ಳೆಯದೇ ಎಂದು ಅಪ್ಪ ಸಂತೋಷಪಟ್ಟರು.

ಗೆಳತಿಗೂ ಹೊಲಿಗೆ ಎಂದೇ ಹೇಳಿದೆ. ಯಾರಿಗೂ ಹೇಳಬೇಡ ಅಂತ ಹೆಡ್‌ಮಾಸ್ತರರು ಅಂದಿದ್ದರು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವರು ಹಾಗೆ ಅಂದಿರಲಿಲ್ಲ. ಅವಳಿಗೆ ಹೇಳಿದರೆ ಅವಳ ಮನೆಗೆ ಗೊತ್ತಾಗುತ್ತದೆ, ಅಲ್ಲಿಂದ ನಮ್ಮ ಮನೆಗೆ ಗೊತ್ತಾಗುತ್ತದೆ ಎಂಬ ಭಯ ಒಂದು. ಇನ್ನೊಂದು ಕಾರಣವನ್ನೂ ಈ ವಯಸ್ಸಿನಲ್ಲಿ ಮುಚ್ಚಿಡಬೇಕಾಗಿಲ್ಲ. ಅವಳೂ ಬರುತ್ತೇನೆ ಅಂದರೆ ಅವಳಿಗೆ ಲೆಕ್ಕ ಕಲಿಸುತ್ತಾ ಕೂರಬೇಕು, ನನ್ನದು ಮುಗಿಯುವುದಿಲ್ಲ ಎಂದು ಎಣಿಸಿದ್ದೆ.

ಬಸ್ಸಿಗೆ ಬಿಡಲು ಬಂದವಳು ಕೇಳಿದಳು. "ಹೊಲಿಗೆ ಕಲಿಯಾಕೆ ಸೊರಬಕ್ಕ್ಯಾಕೆ ಹೋಗ್ಬೇಕು? ನಾನೂ ಬರ್ಲೇನು?"

"ಅತ್ತೆ ಮನೆ ಸಣ್ಣದು ಕಣೇ," ಅಂದೆ.

ಅತ್ತೆಯ ಮನೆ ನಿಜವಾಗಿಯೂ ಸಣ್ಣದು. ಗಂಧ ಕೆತ್ತುವ ಗುಡಿಗಾರರ ಕೇರಿಯಲ್ಲಿ ಒಂದು ಜಗಲಿ, ಒಂದು ಕೋಣೆ, ಹಿಂದೆ ಒಲೆ. ಪಕ್ಕದ ಮನೆಯಲ್ಲಿ ಬೆಳಗಿನಿಂದ ಉಳಿಯ ಸದ್ದು. ಗಾಳಿ ಬೀಸಿದರೆ ಗಂಧದ ಹೊಟ್ಟು ಹಾರಿ ಬಂದು ನನ್ನ ಪುಸ್ತಕದ ಮೇಲೆ ಕೂರುತ್ತಿತ್ತು. ಅತ್ತೆ ಮದುವೆಯಾದ ಮೂರನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ತವರಿಗೆ ಬಾರದೆ ಅಲ್ಲೇ ಉಳಿದು, ಹೊಲಿಗೆಯ ಯಂತ್ರವೊಂದನ್ನು ಇಟ್ಟುಕೊಂಡು ಊರಿನ ಹೆಂಗಸರ ರವಿಕೆ ಹೊಲಿದು ಬಾಳುತ್ತಿದ್ದರು. ಅಷ್ಟು ವರ್ಷದಲ್ಲಿ ಅವರ ಮಾತು ಪೂರಾ ಸೊರಬದ್ದಾಗಿತ್ತು.

ನನ್ನ ಗಂಟು ಎತ್ತಿ ನೋಡಿ, "ಎಂತ ಮಾರಾಯ್ತಿ ಇದು?" ಅಂದರು. "ಹೊಲಿಗೆ ಕಲಿಯೋರು ಇಷ್ಟು ಪುಸ್ತಕ ಹೊತ್ಕಂಡು ಬತ್ತಾರ?"

ಅವರಿಗೆ ನಿಜ ಹೇಳಿದೆ. ಅತ್ತೆ ಬೈಯಲಿಲ್ಲ, ಹೊಗಳಲೂ ಇಲ್ಲ. "ನಿಮ್ಮಪ್ಪ ಕೇಳಿದ್ರೆ ನಾನು ಸುಳ್ಳು ಹೇಳದಿಲ್ಲ. ಕೇಳದಿದ್ರೆ ನಾನಾಗಿ ಹೇಳದೂ ಇಲ್ಲ. ದಿನಕ್ಕೆ ಎರಡು ರವಿಕೆಗೆ ಗುಂಡಿ ಹಚ್ಚು. ಹೊಲಿಗೆ ಕಲ್ತಿದ್ದು ನಿಜ ಆಗ್ಲಿ," ಅಂದರು. ಹಾಗೇ ಮಾಡಿದೆ.

ಮೇಷ್ಟ್ರ ಮನೆ ಎರಡು ಕೇರಿ ಆಚೆ. ನಾನು ಕೊಟ್ಟ ಚೀಟಿಯನ್ನು ಅವರು ಕೈಯಲ್ಲಿ ಹಿಡಿದು, ನನಗೇ ವಾಪಸು ಕೊಟ್ಟು, "ಓದು" ಅಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದವರು ರೇಖಾಗಣಿತ ಹೇಗೆ ಕಲಿಸುತ್ತಾರೆ?

"ನೀನು ಬರೆದದ್ದು ನನಗೆ ಕಾಣೋದಿಲ್ಲ. ಬಾಯಲ್ಲಿ ಹೇಳು," ಅಂದರು. "ಒಂದು ಗೆರೆ ಎಳೆದರೆ, ಎಲ್ಲಿಂದ ಎಲ್ಲಿಗೆ ಎಳೆದೆ ಅಂತ ಹೇಳು. ಯಾಕೆ ಎಳೆದೆ ಅಂತಲೂ ಹೇಳು."

ನಾನು ಲೆಕ್ಕವನ್ನು ಬಾಯಿ ಮುಚ್ಚಿಕೊಂಡು ಮಾಡಿದವಳು. ಈಗ ಪ್ರತಿಯೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳಬೇಕಾಯಿತು. 'ಅಬಕ ತ್ರಿಭುಜದಲ್ಲಿ ಅಬ ಬಾಹುವು ಅಕ ಬಾಹುವಿಗೆ ಸಮ' ಎಂದು ಶುರು ಮಾಡಿದರೆ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಾದರೂ ಹಾರಿಸಿದೆನೋ, ಕೈ ಎತ್ತಿ "ಯಾಕೆ?" ಅನ್ನುವರು. ಪುಸ್ತಕದಲ್ಲಿದೆ ಅಂದರೆ ಒಪ್ಪುತ್ತಿರಲಿಲ್ಲ. ಮೊದಲ ವಾರ ಆ 'ಯಾಕೆ' ಕೇಳಿ ಕೇಳಿ ಅಳು ಬರುತ್ತಿತ್ತು. ಎರಡನೇ ವಾರದ ಹೊತ್ತಿಗೆ ಅವರು ಕೇಳುವ ಮೊದಲೇ ನಾನೇ ಕೇಳಿಕೊಳ್ಳುತ್ತಿದ್ದೆ. ಬೆಳಿಗ್ಗೆ ಗಣಿತ, ಮಧ್ಯಾಹ್ನ ಇಂಗ್ಲಿಷ್. ಬೆಳಿಗ್ಗೆಯಿಂದ ಏನೇನು ಮಾಡಿದೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಗುಂಡಿ ಹಚ್ಚಿದ್ದಕ್ಕೆ ಏನನ್ನುತ್ತಾರೆ ಎಂದು ತಿಳಿಯದೆ ಒದ್ದಾಡಿದ್ದೆ. ಇತಿಹಾಸ, ಭೂಗೋಳ ನಾನೇ ಓದಿಕೊಂಡೆ. ವಿಜ್ಞಾನ ಮಾತ್ರ ಅವರಿಗೂ ಬಾರದು. ಕಾಣದ ಆಮ್ಲ, ಕಾಣದ ಕ್ಷಾರಗಳನ್ನು ಮಂತ್ರದ ಹಾಗೆ ಉರುಹಚ್ಚಿದೆ.

ಸಾಯಂಕಾಲ ಮಾಡಲು ಏನೂ ಇರುತ್ತಿರಲಿಲ್ಲ. ದಂಡಾವತಿ ಹೊಳೆ ಬತ್ತಿ ಅಲ್ಲಲ್ಲಿ ಗುಂಡಿಯಾಗಿ ನಿಂತಿತ್ತು. ಅದರ ದಂಡೆಯ ಮೇಲೆ ಕೂತು, ಗೆಳತಿ ಪಕ್ಕದಲ್ಲಿದ್ದಾಳೆ ಎಂಬಂತೆ ಮನಸ್ಸಿನಲ್ಲಿ ಮಾತಾಡುತ್ತಿದ್ದೆ. ಊರಿನಲ್ಲಿ ನನ್ನ ವಯಸ್ಸಿನ ಒಂದು ಹುಡುಗಿಯ ಪರಿಚಯವೂ ಆಗಲಿಲ್ಲ. ಆಗಲು ನಾನು ಹೊತ್ತು ಕೊಡಲಿಲ್ಲ. ಒಂದು ದಿನ ಗೆಳತಿಗೆ ಕಾರ್ಡು ಬರೆದೆ. ಏನು ಬರೆಯಬೇಕೆಂದು ತಿಳಿಯದೆ, 'ಹೊಲಿಗೆ ಚೆನ್ನಾಗಿ ಸಾಗಿದೆ, ನೀನು ಕ್ಷೇಮವೆಂದು ನಂಬಿದ್ದೇನೆ' ಎಂದು ಬರೆದು ಹಾಕಿದೆ. ಹಾಕಿದ ಮೇಲೆ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಒಂದು ಮಧ್ಯಾಹ್ನ ಅತ್ತೆಯನ್ನು ಕೇಳಿದೆ, ಇಷ್ಟು ವರ್ಷ ಒಬ್ಬರೇ ಹೇಗಿದ್ದೀರಿ, ಬೇಸರ ಆಗುವುದಿಲ್ಲವೇ ಎಂದು.

ಅತ್ತೆ ಯಂತ್ರ ನಿಲ್ಲಿಸಿದರು. "ಅಭ್ಯಾಸ ಆಗತ್ತೆ ಅಂತಾರೆ ಎಲ್ಲರೂ. ಸುಳ್ಳು. ಅಭ್ಯಾಸ ಆಗದಿಲ್ಲ. ಕೈಯಲ್ಲಿ ಕೆಲಸ ಇದ್ರೆ ಅಷ್ಟು ಹೊತ್ತು ಮರ್ತಿರ್ತೀವಿ." ಮತ್ತೆ ಯಂತ್ರ ತುಳಿಯತೊಡಗಿದರು. ನನಗೂ ಬೇಗ ಪುಸ್ತಕ ಹಿಡಿಯಬೇಕೆನ್ನಿಸಿತು.

ಜೂನಿನ ಮೊದಲ ವಾರ ಊರಿಗೆ ಬಂದೆ. ಸ್ಕೂಲು ಇನ್ನೂ ತೆರೆದಿರಲಿಲ್ಲ. ಹೆಡ್‌ಮಾಸ್ತರರು ಐದು ದಿನ ಪರೀಕ್ಷೆ ಇಟ್ಟರು. ಮನೆಯಲ್ಲಿ ಪುಸ್ತಕ ವಾಪಸು ಕೊಡಬೇಕು, ಫೀಸಿನ ಚೀಟಿ ತರಬೇಕು ಎಂದು ದಿನಕ್ಕೊಂದು ನೆವ ಹೇಳಿ ಬಂದೆ. ಖಾಲಿ ಬೆಂಚುಗಳ ದೊಡ್ಡ ಕೋಣೆಯಲ್ಲಿ ನಾನೊಬ್ಬಳೇ ಕೂತು ಬರೆದೆ. ಕಾವಲಿಗೆ ಕೂತ ಮೇಷ್ಟ್ರು ತೂಕಡಿಸುತ್ತಿದ್ದರು. ಅಷ್ಟು ದೊಡ್ಡ ಕೋಣೆಯಲ್ಲಿ ನನ್ನ ಲೇಖನಿಯ ಸದ್ದು ನನಗೇ ಕೇಳುತ್ತಿತ್ತು. ಎಲ್ಲದರಲ್ಲೂ ಗೆದ್ದೆ, ವಿಜ್ಞಾನದಲ್ಲಿ ಮಾತ್ರ ಗೆದ್ದದ್ದು ಕೂದಲೆಳೆಯಲ್ಲಿ. ಮೇಲಿನಿಂದ ಅಪ್ಪಣೆಯ ಕಾಗದ ಬಂದದ್ದು ಸ್ಕೂಲು ತೆರೆಯುವ ಹಿಂದಿನ ದಿನ. ಅದನ್ನು ತಲುಪಿಸಲೆಂದೇ ಹೆಡ್‌ಮಾಸ್ತರರು ಜವಾನನನ್ನು ನಮ್ಮೂರಿಗೆ ಕಳಿಸಿದ್ದರು. ಅಪ್ಪ ಗದ್ದೆಯಲ್ಲಿದ್ದರು, ಕಾಗದ ನನ್ನ ಕೈಗೇ ಬಂತು.

ಮರುದಿನ ಬೆಳಿಗ್ಗೆ ಗೆಳತಿ ಎಂದಿನಂತೆ ಬಂದು ಕೂಗಿದಳು. ಇಬ್ಬರೂ ಹೊರಟೆವು. ಎರಡೂವರೆ ಮೈಲಿ ದಾರಿ. ಈಗ ಹೇಳುತ್ತೇನೆ, ಆ ಮರ ದಾಟಿದ ಮೇಲೆ ಹೇಳುತ್ತೇನೆ, ಏರಿ ಇಳಿದ ಮೇಲೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ನಡೆದೆ. ಅವಳು ಬೇಸಿಗೆಯಲ್ಲಿ ತನ್ನ ಅಕ್ಕನ ಊರಿಗೆ ಹೋದದ್ದು, ಅಲ್ಲಿ ಮಗುವಿಗೆ ಹೆಸರಿಟ್ಟದ್ದು, ಎಲ್ಲ ಹೇಳುತ್ತಾ ಬಂದಳು. ಸ್ಕೂಲು ಬಂತು. ಅವಳು ಐದನೇ ಫಾರಂನ ಕೋಣೆಗೆ ಹೋಗಿ, ಹುಡುಗಿಯರ ಬೆಂಚಿನಲ್ಲಿ ಕೂತು, ನನಗೆಂದು ಗೋಡೆಯ ಕಡೆ ಸರಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಬಾರೇ," ಅಂದಳು.

"ನಾನು ಆಚೆ ಕೋಣೆಗೆ ಹೋಗಬೇಕು," ಅಂದೆ. "ಆರನೇ ಫಾರಂ."

ಅವಳು ನಕ್ಕಳು, ತಮಾಷೆ ಎಂದು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು. ಗಂಟೆ ಹೊಡೆಯಿತು. ನಾನು ಹೋದೆ.

ಸಾಯಂಕಾಲ ಏರಿಯ ಮೇಲೆ ಅವಳು ಬಿರುಸಾಗಿ ನಡೆಯಲಿಲ್ಲ. ನನ್ನ ಪಕ್ಕದಲ್ಲೇ, ನನ್ನ ಹೆಜ್ಜೆಗೇ ನಡೆದಳು. ಅರ್ಧ ದಾರಿ ಆದ ಮೇಲೆ ಕೇಳಿದಳು.

"ಕಾರ್ಡಿನಾಗೆ ಹೊಲಿಗೆ ಅಂತ ಬರ್ದಿದ್ದಿ."

"ಹೊಲಿಗೇನೂ ಕಲಿತೆ," ಅಂದೆ.

"ಯಾವಾಗ ಅಂದ್ಕೊಂಡಿದ್ದಿ ಇದನ್ನ?"

"ಹೋದ ವರ್ಷ."

"ಹೋದ ವರ್ಷ ಪೂರಾ ನನ್ನ ಪಕ್ಕ ಕೂತು ಅಂದ್ಕೊಂಡಿ," ಅಂದಳು. ಸಿಟ್ಟಿನಿಂದಲ್ಲ, ಲೆಕ್ಕವೊಂದನ್ನು ತಾಳೆ ನೋಡುವವಳಂತೆ. ಅಪ್ಪ ಕೊಟ್ಟ ಮಾತಿನ ಕತೆಯನ್ನು ಹೇಳಿದೆ. ಕೇಳಿಸಿಕೊಂಡಳು. "ಸರಿ ಬಿಡು" ಅಂದಳು. ಅವಳು ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರು ವಾರ ಅವಳು ಐದನೇ ಫಾರಂನಲ್ಲಿ ಒಬ್ಬಳೇ ಆ ಬೆಂಚಿನಲ್ಲಿ ಕೂತಳು. ಅಷ್ಟರಲ್ಲಿ ಅವಳ ಅಣ್ಣನಿಗೆ ವಿಷಯ ಗೊತ್ತಾಯಿತು. ಮೂವತ್ತು ಗಂಡುಹುಡುಗರ ನಡುವೆ ಒಬ್ಬಳೇ ಹುಡುಗಿ ಕೂರುವುದು ಬೇಡ ಎಂದು ಬಿಡಿಸಿಬಿಟ್ಟ. ಅವನು ನಮ್ಮ ಜಗಲಿಗೆ ಬಂದು ಅಪ್ಪನಿಗೂ ಹೇಳಿದ. "ನಿಮ್ಮ ಹುಡುಗಿ ಮುಂದಿನ ಕ್ಲಾಸಿಗೆ ಹಾರ್‍ಯಾಳಂತೆ. ಇವಳು ಒಬ್ಬಳೇ ಹೆಂಗೆ ಕೂರ್ತಾಳೆ ಹೇಳ್ರಿ."

ಅಪ್ಪ ನನ್ನನ್ನೂ ಬಿಡಿಸುತ್ತಾರೆ ಅಂದುಕೊಂಡೆ. ಅವರು ಜಗಲಿಯ ಎದುರಿನ ಹುಣಸೆ ಮರದ ಕಡೆ ನೋಡುತ್ತಾ, "ಇದೊಂದು ವರ್ಷ ತಾನೆ. ಮಾತು ಕೊಟ್ಟಾಗೈತೆ, ಮುಗಿಸ್ಲಿ," ಅಂದರು. ಕ್ಲಾಸು ಹಾರುವುದೆಂದರೆ ಏನೆಂದು ಅವರು ಕೇಳಲಿಲ್ಲ. ಜಾಣ ಮಕ್ಕಳಿಗೆ ಹಾಗೆ ಮಾಡುತ್ತಾರೆ ಅಂದುಕೊಂಡಿರಬೇಕು.

ಆ ವರ್ಷ ಆ ದಾರಿಯಲ್ಲಿ ನಾನೊಬ್ಬಳೇ ನಡೆದೆ. ಆರನೇ ಫಾರಂನಲ್ಲಿ ಬೇರೆ ಹುಡುಗಿ ಇರಲಿಲ್ಲ. ಹುಡುಗರಲ್ಲಿ ಕೆಲವರಿಗೆ ಮೀಸೆ ಬಂದಿತ್ತು. ಅವರು ಕೆಟ್ಟದಾಗಿ ನಡೆದುಕೊಂಡರು ಎಂದರೆ ಸುಳ್ಳಾಗುತ್ತದೆ. ಅವರು ನನ್ನ ಹತ್ತಿರ ಮಾತೇ ಆಡಲಿಲ್ಲ, ಅಷ್ಟೇ. ಒಂದು ಇಡೀ ವರ್ಷ ಆ ಕೋಣೆಯಲ್ಲಿ ನನ್ನ ಜೊತೆಯವರು ಯಾರೂ ಒಂದು ಮಾತಾಡಲಿಲ್ಲ. ಪಾಠ ತಪ್ಪಿದರೆ ಟಿಪ್ಪಣಿ ಕೇಳುವಂತಿರಲಿಲ್ಲ. ಅದಕ್ಕೇ ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಲು ಭೂಪಟಗಳನ್ನು ಇಡುವ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಹಳೆಯ ಮೈಸೂರು ಸಂಸ್ಥಾನದ ನಕ್ಷೆ ಗೋಡೆಯಲ್ಲಿತ್ತು. ನಾಡು ಒಂದಾಗಿ ದೊಡ್ಡದಾಗಿ ವರ್ಷವಾದರೂ ಹೊಸ ನಕ್ಷೆ ಬಂದಿರಲಿಲ್ಲ. ಆ ಚಿಕ್ಕ ನಾಡನ್ನು ನೋಡುತ್ತಾ ರೊಟ್ಟಿ ತಿಂದು, ಬುತ್ತಿಯ ಬಟ್ಟೆ ಮಡಚಿ, ಗಂಟೆಗೆ ಕಾಯುತ್ತಿದ್ದೆ.

ಗೆಳತಿಗೆ ನಾನೇ ಪಾಠ ಹೇಳಿಕೊಡಬೇಕೆಂದು ಹೊರಟೆ. ಭಾನುವಾರ ಅವಳ ಹಿತ್ತಿಲಿಗೆ ಪುಸ್ತಕ ತೆಗೆದುಕೊಂಡು ಹೋದೆ. ಎರಡು ಭಾನುವಾರ ಕೂತಳು. ಮೂರನೆಯದಕ್ಕೆ ಕಾಳು ಕೇರುತ್ತಿದ್ದವಳು ಮೊರ ಇಳಿಸದೆ, "ಇನ್ನು ನನಗ್ಯಾಕೆ ಇದು? ನಿನಗೆ ನಿನ್ನ ಪರೀಕ್ಷೆ ಐತೆ, ಹೋಗು," ಅಂದಳು. ನಾನು ನಿಂತೇ ಇದ್ದೆ. ಅವಳ ಅವ್ವ ಒಳಗಿನಿಂದ ಕೂಗಿದರು. ಅವಳು ಎದ್ದು ಹೋದಳು.

ಚಳಿ ಕಳೆಯುವ ಹೊತ್ತಿಗೆ ಅವಳ ಮದುವೆ ತಾಳಗುಂದದ ಕಡೆಗೆ ಗೊತ್ತಾಯಿತು. ಮದುವೆಯ ದಿನವೇ ನಮಗೆ ಪ್ರಿಪರೇಟರಿ ಪರೀಕ್ಷೆಯ ಗಣಿತ. ಹೆಡ್‌ಮಾಸ್ತರರನ್ನು ಕೇಳಿದ್ದರೆ ಬೇರೆ ದಿನ ಬರೆಸುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಮೂರು ಗಂಟೆಗೆ ಬರೆದು ಮುಗಿಸಿ, ಎರಡೂವರೆ ಮೈಲಿ ಓಡುತ್ತಾ ಬಂದೆ. ಚಪ್ಪರದ ಕೆಳಗೆ ಎಲೆ ಎತ್ತಿ ನೆಲ ಗುಡಿಸುತ್ತಿದ್ದರು. ಹೆಣ್ಣನ್ನು ಕಳಿಸಿದ ಗಾಡಿ ಆಗಲೇ ಊರು ದಾಟಿತ್ತು. ಅವಳ ಅವ್ವ ನನ್ನ ಕೈಗೆ ಎರಡು ಉಂಡೆ ಕೊಟ್ಟು, "ನಿನ್ನ ಕೇಳಿದ್ಲು" ಅಂದರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆ. ಫಲಿತಾಂಶ ಬಂದ ದಿನ ಅಪ್ಪ ಸಂತೆಯ ಕೆಲಸಕ್ಕೆಂದು ಶಿಕಾರಿಪುರಕ್ಕೆ ಹೊರಟವರು ನನ್ನನ್ನೂ ಕರೆದುಕೊಂಡು ಹೋದರು. ವಾಚನಾಲಯದಲ್ಲಿ ಪತ್ರಿಕೆಯ ಸುತ್ತ ಹುಡುಗರ ಗುಂಪು. ಅಪ್ಪ ಗುಂಪಿನಲ್ಲಿ ನುಗ್ಗಿ, ನನ್ನ ನಂಬರು ಬರೆದ ಚೀಟಿ ಹಿಡಿದು, ಬೆರಳಿಟ್ಟು ಹುಡುಕಿದರು. ಎರಡನೇ ದರ್ಜೆಯಲ್ಲಿತ್ತು. ನಿಧಾನವಾಗಿ ಮೂರು ವರ್ಷ ಓದಿದ್ದರೆ ಮೊದಲನೆಯದು ಬರುತ್ತಿತ್ತು ಎಂದು ಆಮೇಲೆ ಹೆಡ್‌ಮಾಸ್ತರರು ಹೇಳಿದರು. ಅಪ್ಪ ಹೊರಗೆ ಬಂದು, "ಮುಗೀತಾ?" ಎಂದು ಕೇಳಿದರು.

"ಮುಗೀತು," ಅಂದೆ. ಅವರು ತಲೆಯ ರುಮಾಲು ಸರಿಮಾಡಿಕೊಂಡರು. ಖುಷಿಯಾಗಿದ್ದರು ಎಂದೇ ನನಗೆ ಕಂಡಿತು.

ಮುಂದಿನ ವಾರ ಈಸೂರಿನಾಚೆಯ ನೆಂಟರಿಗೆ ಅಪ್ಪ ಹೇಳಿ ಕಳಿಸಿದರು, ಎರಡು ವರ್ಷ ಆಯಿತು, ಬನ್ನಿ ಎಂದು. ಹುಡುಗನ ತಂದೆ ಒಬ್ಬರೇ ಬಂದರು. ಜಗಲಿಯಲ್ಲಿ ಕೂತು, ನೀರು ಕುಡಿದು, ಬಹಳ ಹೊತ್ತು ಬತ್ತದ ವಿಷಯ ಮಾತಾಡಿದರು. ಆಮೇಲೆ ಹೇಳಿದರು.

"ತಪ್ಪು ತಿಳೀಬ್ಯಾಡ್ರಿ. ನಮ್ಮ ಹುಡುಗ ಮೂರು ವರ್ಷದ ಹೈಸ್ಕೂಲನ್ನ ಐದು ವರ್ಷ ಓದಿ, ಎರಡು ಸಲ ಫೇಲಾಗಿ ಬಿಟ್ಟ. ನಿಮ್ಮ ಹುಡುಗಿ ಅದನ್ನೇ ಎರಡು ವರ್ಷಕ್ಕೆ ಮುಗಿಸ್ಯಾಳೆ. ನಾಳೆ ಮನಿಯಾಗೆ ಅವನ ಮಾತು ನಡೀತದೇನ್ರಿ? ಜೋಡಿ ಆಗಲ್ಲ."

ಅವರು ಹೋದ ಮೇಲೆ ಅಪ್ಪ ಅಲ್ಲೇ ಕೂತಿದ್ದರು. ನನ್ನನ್ನು ಕರೆದರು.

"ಮೂರು ವರ್ಷದ್ದೇನು ಅದು?"

"ಹೂಂ."

"ನಿನಗೆ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತು."

"ಮೂರು ವರ್ಷದ್ದನ್ನ ಎರಡಕ್ಕೆ ಮುಗಿಸಿದ್ದು ನನ್ನ ಮಾತು ಉಳಿಸಾಕೋ, ಕೆಡಿಸಾಕೋ?"

"ನಿಮ್ಮ ಮಾತು ಮೀರಬಾರದು ಅಂತ," ಅಂದೆ. ಅದು ನಿಜವೂ ಹೌದು, ಪೂರ್ತಿ ನಿಜ ಅಲ್ಲದ್ದೂ ಹೌದು. ಅವರಿಗೂ ಅದು ತಿಳಿಯಿತು ಅನ್ನಿಸುತ್ತದೆ. ಆ ದಿನದಿಂದ ಎಷ್ಟೋ ತಿಂಗಳು ಅಪ್ಪ ನನ್ನ ಹತ್ತಿರ ನೇರವಾಗಿ ಮಾತಾಡಲಿಲ್ಲ. "ಅವಳಿಗೆ ಊಟಕ್ಕೆ ಬರಾಕೆ ಹೇಳು" ಎಂದು ನನ್ನೆದುರಿಗೇ ನಮ್ಮವ್ವನಿಗೆ ಹೇಳುತ್ತಿದ್ದರು.

ಹೆಡ್‌ಮಾಸ್ತರರು ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿಸಿದರು. ಅದಕ್ಕೆ ಅಪ್ಪ ಬೇಡ ಅನ್ನಲಿಲ್ಲ. ಮುರಿದ ಸಂಬಂಧದ ಹುಡುಗಿ ಮನೆಯಲ್ಲಿ ಕೂರುವುದಕ್ಕಿಂತ ಅದು ವಾಸಿ ಅನ್ನಿಸಿರಬೇಕು. ಅರ್ಜಿ ಹದಿನೈದು ದಿನಕ್ಕೆ ವಾಪಸು ಬಂತು. ವಯಸ್ಸು ಸಾಲದು, ಮುಂದಿನ ವರ್ಷ ಹಾಕುವುದು ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಅವಸರ ಮಾಡಿ ಒಂದು ವರ್ಷ ಮುಂದೆ ಬಂದಿದ್ದೆ. ಆ ವರ್ಷವನ್ನು ಕಾಯುತ್ತಾ ಕಳೆಯಬೇಕಾಯಿತು. ಗೆಳತಿ ಓದಿದ್ದರೆ ಆ ವರ್ಷ ಅವಳೂ ಆರನೇ ಫಾರಂ ಮುಗಿಸುತ್ತಿದ್ದಳು, ಇಬ್ಬರೂ ಒಟ್ಟಿಗೆ ಅರ್ಜಿ ಹಾಕಬಹುದಿತ್ತು ಎಂಬುದು ಕಾಗದ ಓದುವಾಗಲೇ ಹೊಳೆಯಿತು.

ಮನೆಯಲ್ಲಿ ಕೂರಲಾರದೆ ಸೊರಬಕ್ಕೆ ಹೋದೆ. ಈ ಸಲ ನಿಜವಾಗಿ ಹೊಲಿಗೆ ಕಲಿತೆ. ಅತ್ತೆ ಕತ್ತರಿಸಿ ಕೊಟ್ಟದ್ದನ್ನು ನಾನು ಹೊಲಿಯುತ್ತಿದ್ದೆ. ಮೇಷ್ಟ್ರ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಶಿವಮೊಗ್ಗದಲ್ಲಿ ಪೊರೆ ತೆಗೆಸಿ, ದಪ್ಪ ಕನ್ನಡಕ ಹಾಕಿಸಿಕೊಂಡಿದ್ದರು. ನನ್ನನ್ನು ನೋಡಿ, "ಯಾರು ಬೇಕಮ್ಮ?" ಅಂದರು. ನಾನು ಮಾತಾಡಿದ ಮೇಲೆ ಗುರುತು ಹತ್ತಿತು. ಬಹಳ ಹೊತ್ತು ನೋಡಿದರು.

"ದನಿ ಕೇಳಿ ದೊಡ್ಡ ಹುಡುಗಿ ಅಂತ ತಿಳಿದಿದ್ದೆ," ಅಂದರು. "ಇಷ್ಟು ಸಣ್ಣವಳಿಗೆ ಅಷ್ಟು ಗದರಬಾರದಿತ್ತು."

ನನಗೆ ಅಳು ಬಂತು. ಯಾಕೆ ಅಂತ ಅವರು ಕೇಳಲಿಲ್ಲ.

ಐವತ್ತೊಂಬತ್ತರ ಜೂನಿನಲ್ಲಿ ಟ್ರೈನಿಂಗಿಗೆ ಸೀಟು ಸಿಕ್ಕಿತು. ಸೊರಬದಿಂದ ಊರಿಗೆ ಹೊರಟವಳು ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅಲ್ಲಿ ಬೇವಿನ ಮರದ ಕೆಳಗೆ ಗೆಳತಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ನೋಡಿದ ಕೂಡಲೇ ನಕ್ಕಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ಗಂಡ ಅಂಗಡಿಗೆ ಹೋಗಿದ್ದಾನೆ, ಈಗ ಬರುತ್ತಾನೆ ಅಂದಳು. ಟ್ರೈನಿಂಗಿನ ವಿಷಯ ಹೇಳಿದೆ.

"ಒಳ್ಳೇದಾತು," ಅಂದಳು. ಮಗು ನನ್ನ ಜಡೆ ಎಳೆಯುತ್ತಿತ್ತು. ಅದರ ಬೆರಳು ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು: "ನೀನು ಹೇಳಿದ್ರೆ ನಾನೂ ನಿನ್ನಂಗೆ ಪಾಸಾಗ್ತಿದ್ದೆ ಅನ್ನಲ್ಲ. ನನಗೆ ಲೆಕ್ಕ ಬರ್ತಿರಲಿಲ್ಲ, ಅದು ನಿನಗೂ ಗೊತ್ತು. ಆದ್ರೆ ಹೇಳಬೇಕಿತ್ತು. ಬಾಗಿಲಾಗೆ ನಿಂತು ಹೇಳೋ ಮಾತಲ್ಲ ಅದು."

"ಹೌದು," ಅಂದೆ.

ಅವಳ ಗಂಡ ಬಂದ. ನನ್ನ ಬಸ್ಸು ಅವರ ಬಸ್ಸಿಗಿಂತ ಮೊದಲು ಬಂತು. ಮಗುವನ್ನು ಅವಳಿಗೆ ಕೊಟ್ಟು ಹತ್ತಿದೆ. ಕಿಟಕಿಯ ಹತ್ತಿರ ಬಂದು, "ಕಾಗದ ಬರಿ" ಅಂದಳು.

ಶಿವಮೊಗ್ಗ ಸೇರಿದ ಮೊದಲ ವಾರವೇ ಬರೆದೆ. ನಾಲ್ಕು ಪುಟ. ಹೇಳಬೇಕಾದದ್ದನ್ನೆಲ್ಲ ಬರೆದೆ. ಎರಡು ತಿಂಗಳಾದ ಮೇಲೆ ಒಂದು ಕಾರ್ಡು ಬಂತು. ಅಕ್ಷರ ಅವಳದಲ್ಲ, ಅವಳ ಗಂಡನದಿರಬೇಕು. ಎಲ್ಲರೂ ಕ್ಷೇಮ, ಮಗುವಿಗೆ ಹಲ್ಲು ಬಂದಿದೆ, ನಿಮ್ಮ ಕಾಗದ ಓದಿ ಸಂತೋಷವಾಯಿತು ಎಂದಿತ್ತು. ನಾನು ಬರೆದದ್ದನ್ನು ಅವಳೇ ಓದಿದಳೋ, ಗಂಡನೇ ಓದಿ ಇಟ್ಟನೋ ತಿಳಿಯಲಿಲ್ಲ. ಮತ್ತೆ ಬರೆಯಬೇಕು ಅಂದುಕೊಳ್ಳುತ್ತಲೇ ಪರೀಕ್ಷೆ ಬಂತು, ನೌಕರಿ ಬಂತು, ಊರಿಂದೂರಿಗೆ ವರ್ಗವಾಯಿತು. ಬರೆಯಲಿಲ್ಲ. ಅವಳ ಕಡೆಯಿಂದಲೂ ಬರಲಿಲ್ಲ.